ಚಿತ್ರೀಕರಣದ ಗುಂಪಿನಲ್ಲಿ ನಿಲ್ಲುವವರ ದುಡಿಮೆ

ಪ್ರಶ್ನೆ: ನಾನು ಕೋಲಾರ ಜಿಲ್ಲೆಯ ಬಂಗಾರಪೇಟೆ ಕಡೆಯವನು. ವಯಸ್ಸು 24, ಬಿ.ಕಾಂ. ಮುಗಿಸಿದ್ದೇನೆ. ಕೆಲವು ತಿಂಗಳ ಹಿಂದೆ ಕೆ.ಜಿ.ಎಫ್.ನಲ್ಲಿ ಚಿನ್ನದ ಗಣಿಯ ತ್ಯಾಜ್ಯ ಸುರಿದ ಸೈನೈಡ್ ದಿಬ್ಬಗಳ ಬಳಿ ಒಂದು ಚಿತ್ರದ ಚಿತ್ರೀಕರಣ ನಡೆದಾಗ ಗುಂಪಿನ ದೃಶ್ಯಗಳಿಗೆಂದು ನಮ್ಮ ಊರುಗಳಿಂದ ಜನರನ್ನು ಕರೆದುಕೊಂಡು ಹೋದರು. ನಾನು ಮೂರು ದಿನ ಕೆಲಸ ಮಾಡಿದೆ. ಹೇಳಿದ್ದ ಹಣದಲ್ಲಿ ಅರ್ಧ ಮಾತ್ರ ಕೈಗೆ ಬಂತು. ಆದರೂ ಆ ಕೆಲಸ ಮನಸ್ಸಿಗೆ ಹಿಡಿಸಿದೆ. ಈಗ ಬೆಂಗಳೂರಿನ ಒಬ್ಬರು ‘ಕಲಾವಿದರ ಕಾರ್ಡ್’ ಮಾಡಿಸಿಕೊಡುತ್ತೇನೆಂದು ಮುಂಗಡ ಹಣ ಕೇಳುತ್ತಿದ್ದಾರೆ. ನನ್ನ ಅಕ್ಕನೂ ಬರುತ್ತೇನೆ ಎನ್ನುತ್ತಿದ್ದಾಳೆ. ಅವಳ ಆರು ವರ್ಷದ ಮಗನನ್ನು ಜೊತೆಗೆ ಕರೆತಂದರೆ ಬೇರೆ ಹಣ ಕೊಡಿಸುತ್ತೇನೆಂದು ಅದೇ ವ್ಯಕ್ತಿ ಹೇಳಿದ್ದಾರೆ. ಜೂನಿಯರ್ ಆರ್ಟಿಸ್ಟ್ ಕೆಲಸವನ್ನು ನಂಬಿ ಬದುಕಬಹುದೇ? ಮಾಡುತ್ತಾ ಹೋದರೆ ಮುಂದೆ ಪಾತ್ರಗಳು ಸಿಗುತ್ತವೆಯೇ?

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳು ಒಂದರೊಳಗೊಂದು ಸೇರಿಕೊಂಡಿವೆ. ಅವುಗಳಲ್ಲಿ ತುರ್ತಿನದು ಕಾರ್ಡಿನ ವಿಷಯವಾದ್ದರಿಂದ ಅದಕ್ಕೇ ಮೊದಲು ಉತ್ತರಿಸುತ್ತೇನೆ. ಆ ವ್ಯಕ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಚಿತ್ರೀಕರಣದಲ್ಲಿ ಹಣ ನಿರ್ಮಾಪಕರ ಕಡೆಯಿಂದ ನಿಮ್ಮ ಕಡೆಗೆ ಬರಬೇಕೇ ಹೊರತು ನಿಮ್ಮ ಕಡೆಯಿಂದ ಯಾರ ಕಡೆಗೂ ಹೋಗಬಾರದು. ಕಲಾವಿದರ ಮತ್ತು ಕಾರ್ಮಿಕರ ಸಂಘಗಳಿಗೆ ಸದಸ್ಯತ್ವ ಶುಲ್ಕವಿರುವುದು ನಿಜ. ಆದರೆ ಅದನ್ನು ಸಂಘದ ಕಚೇರಿಗೆ ನೀವೇ ಹೋಗಿ, ಅರ್ಜಿ ತುಂಬಿ, ರಸೀದಿ ಪಡೆದು ಕಟ್ಟುತ್ತೀರಿ. ಫೋನಿನಲ್ಲಿ ಮಾತನಾಡಿ, ಯುಪಿಐ ಮೂಲಕ ಹಣ ಹಾಕಿಸಿಕೊಂಡು ಕಾರ್ಡನ್ನು ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವವರು, ಫೋಟೊ ಆಲ್ಬಮ್ ಮಾಡಿಸಿದರೆ ಮಾತ್ರ ಅವಕಾಶ ಎನ್ನುವವರು, ನೋಂದಣಿ ಶುಲ್ಕ ಎಂದು ಮುಂಗಡ ಕೇಳುವವರು ಎಲ್ಲರೂ ಒಂದೇ ಬಗೆಯವರು. ಅವರು ಹೇಳುವ ಚಿತ್ರದ ಹೆಸರು ಮತ್ತು ನಿರ್ಮಾಣ ಸಂಸ್ಥೆಯ ಹೆಸರನ್ನು ಕೇಳಿ ಬರೆದುಕೊಳ್ಳಿ. ಚಿತ್ರಗಳ ಶೀರ್ಷಿಕೆಗಳನ್ನು ನೋಂದಾಯಿಸುವ ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಯಲ್ಲಿ ವಿಚಾರಿಸಿದರೆ ಅಂಥದ್ದೊಂದು ಚಿತ್ರ ನಿಜಕ್ಕೂ ಇದೆಯೇ ಎಂಬುದು ತಿಳಿಯುತ್ತದೆ. ಈಗಾಗಲೇ ಹಣ ಹಾಕಿಬಿಟ್ಟಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ ಸೈಬರ್ ವಂಚನೆಯ ದೂರು ದಾಖಲಿಸಿ. ಹಣ ಇನ್ನೊಂದು ಖಾತೆಗೆ ಜಾರುವ ಮೊದಲೇ ತಡೆಹಿಡಿಯುವ ಸಾಧ್ಯತೆ ಇರುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ.

ಇನ್ನು ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ನಾನು ಗುಬ್ಬಿ ಕಡೆಯವನು. ಇಪ್ಪತ್ತು ವರ್ಷಕ್ಕೂ ಮೇಲ್ಪಟ್ಟು ಚಿತ್ರಗಳಲ್ಲಿ ಸಹಾಯಕ ನಿರ್ದೇಶಕನಾಗಿ, ಆಮೇಲೆ ಸಹ ನಿರ್ದೇಶಕನಾಗಿ ದುಡಿದಿದ್ದೇನೆ. ಅದರಲ್ಲಿ ಹೆಚ್ಚು ಕಾಲ ನನ್ನ ಪಾಲಿಗೆ ಬಂದದ್ದು ಗುಂಪಿನ ದೃಶ್ಯಗಳನ್ನು ನಡೆಸುವ ಹೊಣೆ. ಸಂತೆ, ಜಾತ್ರೆ, ಮದುವೆ, ಪ್ರತಿಭಟನೆ, ಆಸ್ಪತ್ರೆಯ ಪಡಸಾಲೆ, ಬಸ್ ನಿಲ್ದಾಣ, ಇವೆಲ್ಲದರಲ್ಲೂ ನಾಯಕ ನಾಯಕಿಯರ ಹಿಂದೆ ಓಡಾಡುವ, ಕೂರುವ, ಮಾತನಾಡುವಂತೆ ತೋರುವ ನೂರಾರು ಮಂದಿಯ ಜೊತೆ ಕಳೆದ ದಿನಗಳ ಆಧಾರದ ಮೇಲೆಯೇ ಈ ಉತ್ತರ ಬರೆಯುತ್ತಿದ್ದೇನೆ. ಇದು ದಿನಗೂಲಿಯ ದುಡಿಮೆ, ಮತ್ತು ಇದರಲ್ಲಿ ಕಲಿತು ಮಾಡಬೇಕಾದ ಕಸುಬೂ ಇದೆ. ದಿನಗೂಲಿಯೆಂದು ಒಪ್ಪಿಕೊಂಡು ಕೂಲಿಯ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳುವವರು, ಕಸುಬೆಂದು ತಿಳಿದು ಅದನ್ನು ಶ್ರದ್ಧೆಯಿಂದ ಮಾಡುವವರು ಈ ಕೆಲಸದಲ್ಲಿ ಗೌರವದಿಂದ ಉಳಿದಿದ್ದನ್ನು ಕಂಡಿದ್ದೇನೆ. ಇಂದಲ್ಲ ನಾಳೆ ನಿರ್ದೇಶಕರ ಕಣ್ಣು ತಮ್ಮ ಮೇಲೆ ಬೀಳುತ್ತದೆಂದು ಕಾಯುತ್ತಾ ಕೂಲಿಯನ್ನೂ ಕೇಳದೆ, ಕಸುಬನ್ನೂ ಕಲಿಯದೆ ವರ್ಷಗಳನ್ನು ಕಳೆದವರನ್ನೂ ಕಂಡಿದ್ದೇನೆ. ಅವರ ನೆನಪಾದರೆ ಇಂದಿಗೂ ನೋವಾಗುತ್ತದೆ.

ಕಸುಬಿನ ಮಾತು ಹೇಳುತ್ತೇನೆ, ಏಕೆಂದರೆ ನಿಮಗೆ ಹಿಡಿಸಿರುವುದು ಅದೇ ಎಂದು ನಿಮ್ಮ ಪತ್ರದಿಂದ ಅನಿಸಿತು. ತೆರೆಯ ಮೇಲೆ ಎರಡು ನಿಮಿಷ ಕಾಣುವ ಒಂದು ಸಂತೆಯ ದೃಶ್ಯಕ್ಕೆ ಇಡೀ ದಿನ ಹಿಡಿಯಬಹುದು. ಮೊದಲು ಇಡೀ ಸಂತೆ ಕಾಣುವಂತೆ ದೂರದಿಂದ ಒಂದು ಶಾಟ್, ಆಮೇಲೆ ಇಬ್ಬರು ಮಾತನಾಡುವುದು ಕಾಣುವಂತೆ ಸ್ವಲ್ಪ ಹತ್ತಿರದಿಂದ, ಆಮೇಲೆ ಒಬ್ಬೊಬ್ಬರ ಮುಖ, ಕೊನೆಗೆ ಕ್ಯಾಮೆರಾವನ್ನು ಎದುರು ದಿಕ್ಕಿಗೆ ತಿರುಗಿಸಿ ಮತ್ತೆ ಇವೆಲ್ಲ. ಬೆಳಿಗ್ಗೆ ತೆಗೆದ ಶಾಟ್ ಮತ್ತು ಸಂಜೆ ತೆಗೆದ ಶಾಟ್ ತೆರೆಯ ಮೇಲೆ ಒಂದರ ಪಕ್ಕ ಒಂದು ಬರುತ್ತವೆ. ಆದ್ದರಿಂದ ನಾಯಕಿ ‘ಎಷ್ಟಪ್ಪಾ ಇದು’ ಎಂದು ಕೇಳುವ ಹೊತ್ತಿಗೆ ನೀವು ಎಡಗೈಯಲ್ಲಿ ಚೀಲ ಹಿಡಿದು ಅವಳ ಹಿಂದಿನಿಂದ ಹಾದುಹೋಗಿದ್ದರೆ ದಿನವಿಡೀ ಅದೇ ಮಾತಿಗೆ, ಅದೇ ಎಡಗೈಯಲ್ಲಿ ಚೀಲ ಹಿಡಿದು, ಅದೇ ವೇಗದಲ್ಲಿ ಹಾದುಹೋಗಬೇಕು. ಹೀಗೆ ಕ್ಯಾಮೆರಾದ ಮುಂದೆ ಹಾದುಹೋಗುವುದನ್ನು ನಮ್ಮಲ್ಲಿ ‘ಪಾಸಿಂಗ್’ ಎನ್ನುತ್ತಾರೆ. ಒಂದು ಟೇಕಿನಿಂದ, ಅಂದರೆ ಒಂದು ಸಲ ತೆಗೆದುದರಿಂದ, ಇನ್ನೊಂದಕ್ಕೆ ವ್ಯತ್ಯಾಸವಾಗದಂತೆ ನೋಡಿಕೊಳ್ಳುವುದು ‘ಕಂಟಿನ್ಯುಟಿ’. ಹೊಸಬರು ಮಾಡುವ ಸಾಮಾನ್ಯ ತಪ್ಪೆಂದರೆ ಯಾವ ಮಾತಿಗೆ ತಾವು ಹೊರಟೆವು ಎಂಬುದನ್ನು ಗಮನಿಸದಿರುವುದು. ಮೊದಲ ರಿಹರ್ಸಲ್‌ನಲ್ಲೇ ಸಂಭಾಷಣೆಯ ಒಂದು ಪದವನ್ನು ಗುರುತಿಟ್ಟುಕೊಂಡು, ಅದನ್ನೇ ನಿಮ್ಮ ಗಂಟೆ ಎಂದು ಭಾವಿಸಿದರೆ ಸಹಾಯಕ ನಿರ್ದೇಶಕರು ಎರಡನೆಯ ಬಾರಿ ಹೇಳಬೇಕಾಗುವುದಿಲ್ಲ. ಅಂಥವರ ಮುಖವನ್ನು ನಾವು ನೆನಪಿಟ್ಟುಕೊಂಡು ಮತ್ತೆ ಕರೆಸುತ್ತೇವೆ.

ಕ್ಯಾಮೆರಾವನ್ನು ನೋಡಬಾರದು ಎಂಬುದನ್ನು ನಿಮಗೆ ಮೊದಲ ದಿನವೇ ಹೇಳಿರುತ್ತಾರೆ. ಅದಕ್ಕಿಂತ ಕಷ್ಟವಾದದ್ದು ನಾಯಕ ನಟರನ್ನು ನೋಡದಿರುವುದು. ಸಂತೆಗೆ ಬಂದವನಿಗೆ ಪಕ್ಕದಲ್ಲಿ ಜಗಳವಾಗುತ್ತಿದ್ದರೆ ಮಾತ್ರ ಆ ಕಡೆ ಕಣ್ಣು ಹೋಗುತ್ತದೆ. ಇಬ್ಬರು ಸುಮ್ಮನೆ ಮಾತನಾಡುತ್ತಿದ್ದರೆ ಅವನ ಕಣ್ಣು ಬದನೆಕಾಯಿಯ ಮೇಲೆಯೇ ಇರುತ್ತದೆ. ಹಾಗೆಯೇ ಸ್ಥಳದಲ್ಲೇ ಧ್ವನಿಮುದ್ರಣ ಮಾಡುವ ಚಿತ್ರಗಳಲ್ಲಿ ಹಿನ್ನೆಲೆಯವರು ಬಾಯಿ ಆಡಿಸಬೇಕು, ಸದ್ದು ಬರಬಾರದು. ಚಪ್ಪಲಿಯ ಸದ್ದು, ಬಳೆಯ ಸದ್ದು, ಗೆಜ್ಜೆಯ ಸದ್ದು ಸಹ ಸಂಭಾಷಣೆಯ ಮೇಲೆ ಬೀಳುವಂತಿಲ್ಲ. ಹತ್ತಾರು ಮಂದಿ ಹೀಗೆ ನಿಶ್ಶಬ್ದವಾಗಿ ಚೌಕಾಸಿ ಮಾಡುತ್ತಾ, ನಗುತ್ತಾ, ಜಗಳವಾಡುತ್ತಾ ಇರುವುದನ್ನು ಹತ್ತಿರದಿಂದ ನೋಡಿದವರು ಇದನ್ನು ಸುಲಭದ ಕೆಲಸವೆನ್ನಲಾರರು. ಮದುವೆಯ ಪಂಕ್ತಿಯ ದೃಶ್ಯವಾದರೆ ಎಲೆಯ ಮೇಲಿನ ಅನ್ನವನ್ನು ಮೊದಲ ಟೇಕಿಗೇ ಉಂಡು ಮುಗಿಸಬಾರದು. ತುತ್ತು ಚಿಕ್ಕದಾಗಿರಬೇಕು, ಏಕೆಂದರೆ ಹದಿನೈದನೆಯ ಟೇಕಿನಲ್ಲೂ ನೀವು ಹಸಿದವರಂತೆಯೇ ಕಾಣಬೇಕು. ಬೆಳಿಗ್ಗೆ ಬಡಿಸಿದ ಅನ್ನ ಮಧ್ಯಾಹ್ನದ ಹೊತ್ತಿಗೆ ತಿನ್ನುವಂತಿರುವುದೂ ಇಲ್ಲ.

ಉಡುಪಿನ ಬಗ್ಗೆ ಒಂದೆರಡು ಮಾತು. ಹಿಂದಿನ ಕಾಲದ ಕಥೆಯಾದರೆ ಬಟ್ಟೆಯನ್ನು ಅವರೇ ಕೊಡುತ್ತಾರೆ, ಈಗಿನ ಕಥೆಯಾದರೆ ನಿಮ್ಮ ಬಟ್ಟೆಯಲ್ಲೇ ಬರಲು ಹೇಳುತ್ತಾರೆ. ಎರಡು ಮೂರು ಜೊತೆ ಒಯ್ಯಿರಿ. ಅಚ್ಚ ಬಿಳಿ ಬಟ್ಟೆ ಬೆಳಕಿನಲ್ಲಿ ಕಣ್ಣಿಗೆ ಹೊಡೆಯುತ್ತದೆ. ತೀರ ಸಣ್ಣ ಗೆರೆಗಳ ಅಂಗಿ ಕ್ಯಾಮೆರಾದಲ್ಲಿ ಅಲೆಯಾಡಿದಂತೆ ಕಾಣುತ್ತದೆ. ಕಂಪನಿಯ ಹೆಸರು ಮುದ್ರಿಸಿದ ಟೀ ಶರ್ಟುಗಳನ್ನು ಬೇಡವೆನ್ನುತ್ತಾರೆ. ಮಾಸಲು ಬಣ್ಣದ, ದಿನಬಳಕೆಯ ಬಟ್ಟೆಗೇ ಇಲ್ಲಿ ಬೆಲೆ. ಸೆಟ್ಟಿನಲ್ಲಿ ಫೋಟೊ, ವಿಡಿಯೊ ತೆಗೆದು ಎಲ್ಲೂ ಹಾಕಬೇಡಿ. ಎಷ್ಟೇ ಒಳ್ಳೆಯ ಕೆಲಸಗಾರನಾಗಿದ್ದರೂ ಆ ಒಂದು ತಪ್ಪಿಗೆ ಮತ್ತೆ ಕರೆಯುವುದಿಲ್ಲ.

ನಿಮ್ಮ ಜಿಲ್ಲೆಯವರಿಗೆ ಇರುವ ಒಂದು ಅನುಕೂಲವನ್ನು ನೀವೇ ಗಮನಿಸಿರಲಾರಿರಿ. ಕನ್ನಡದ ಮೊದಲ ವಾಕ್ಚಿತ್ರ 1934ರಲ್ಲಿ ಬಂದಾಗ ಅದರ ಚಿತ್ರೀಕರಣ ನಡೆದದ್ದು ಕೊಲ್ಹಾಪುರದಲ್ಲಿ. ಆಮೇಲೆ ಬಹುಕಾಲ ನಮ್ಮ ಚಿತ್ರಗಳು ಮದ್ರಾಸಿನ ಸ್ಟುಡಿಯೊಗಳಲ್ಲಿ ತಯಾರಾದವು. ಬೆಂಗಳೂರಿನ ಕಂಠೀರವ ಸ್ಟುಡಿಯೊ ಆರಂಭವಾದದ್ದು 1966ರಲ್ಲಿ. ಕಥೆ ನಮ್ಮ ಹಳ್ಳಿಯದ್ದಾದರೂ ಹಿನ್ನೆಲೆಯಲ್ಲಿ ನಿಂತವರಿಗೆ ಆ ಹಳ್ಳಿಯ ಪರಿಚಯವಿಲ್ಲದಿರುವುದು ಸ್ಟುಡಿಯೊ ಕಾಲದ ಕೊರತೆಯಾಗಿತ್ತು. ಈಗ ನಿರ್ದೇಶಕರು ಊರನ್ನೇ ಹುಡುಕಿಕೊಂಡು ಬರುತ್ತಾರೆ. 2018ರಲ್ಲಿ ತೆರೆಕಂಡ ‘ಕೆ.ಜಿ.ಎಫ್.’ ಚಿತ್ರಕ್ಕಾಗಿ ನಿಮ್ಮ ಸೈನೈಡ್ ದಿಬ್ಬಗಳ ಮೇಲೆ ಚಿತ್ರೀಕರಣ ನಡೆದದ್ದು ನಿಮಗೇ ಗೊತ್ತಿದೆ. ನಂದಿಬೆಟ್ಟಕ್ಕೆ ಚಿತ್ರತಂಡಗಳು ಬರುವುದು ಹಳೆಯ ರೂಢಿ. ಕೋಲಾರದ ಎ.ಪಿ.ಎಂ.ಸಿ.ಯಲ್ಲಿ ಟೊಮೆಟೊ ಬಾಕ್ಸನ್ನು ಹೆಗಲಿಗೆ ಎತ್ತಿಕೊಳ್ಳುವ ರೀತಿ, ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಗೂಡನ್ನು ಕೈಯಲ್ಲಿ ಹಿಡಿದು ನೋಡುವ ರೀತಿ, ನಮ್ಮ ತಿಪಟೂರಿನಲ್ಲಿ ಕೊಬ್ಬರಿ ಹೋಳನ್ನು ತಿರುಗಿಸಿ ನೋಡುವ ರೀತಿ, ಇವನ್ನು ನಗರದಿಂದ ಬಸ್ಸಿನಲ್ಲಿ ಕರೆತಂದವರಿಗೆ ಅರ್ಧ ದಿನ ಕಲಿಸಿದರೂ ಬರುವುದಿಲ್ಲ. ಒಮ್ಮೆ ಒಂದು ಸಂತೆಯ ದೃಶ್ಯಕ್ಕೆ ಬಂದಿದ್ದ ನುರಿತ ಜೂನಿಯರ್‌ಗಳನ್ನು ಹಿಂದಕ್ಕೆ ನಿಲ್ಲಿಸಿ, ನೋಡಲು ಬಂದು ನಿಂತಿದ್ದ ಹಮಾಲಿ ಒಬ್ಬರನ್ನು ಕೈಮುಗಿದು ಮುಂದೆ ಕರೆದಿದ್ದೇನೆ. ಆ ಶಾಟಿಗೆ ಜೀವ ಬಂದದ್ದು ಅವರು ಮೂಟೆ ಇಳಿಸಿ ಬೆನ್ನು ನೆಟ್ಟಗೆ ಮಾಡಿದ ಗಳಿಗೆಯಲ್ಲಿ. ನಿಮಗೆ ಕೈಬಂದಿರುವ ಕೆಲಸಗಳು ಯಾವುವು, ಹಸು ಕರೆಯುವುದೋ, ಟ್ರ್ಯಾಕ್ಟರ್ ಓಡಿಸುವುದೋ, ತಮಟೆ ಬಡಿಯುವುದೋ, ಅವನ್ನು ಜನರನ್ನು ಸೇರಿಸಿ ಕರೆತರುವ ಕೋ-ಆರ್ಡಿನೇಟರ್‌ಗೆ ಮೊದಲೇ ಹೇಳಿ. ಅಂಥ ಕೆಲಸ ಬಲ್ಲವರಿಗೆ ಗುಂಪಿನಲ್ಲಿ ಸುಮ್ಮನೆ ನಿಲ್ಲುವವರಿಗಿಂತ ಹೆಚ್ಚು ಕೂಲಿ ಕೇಳುವ ಹಕ್ಕಿದೆ, ಕೇಳಿದರೆ ಸಿಗುತ್ತದೆ ಕೂಡ.

ಈಗ ಹಣದ ವಿಷಯ. ನಿರ್ಮಾಣ ಸಂಸ್ಥೆಯವರು ತಲೆಗೆ ಇಷ್ಟು ಎಂದು ಜನರನ್ನು ಒದಗಿಸುವ ಏಜೆಂಟರ ಜೊತೆ ಮಾತನಾಡಿಕೊಂಡಿರುತ್ತಾರೆ. ಏಜೆಂಟರು ಊರಿನಲ್ಲಿ ಜನ ಸೇರಿಸುವ ಇನ್ನೊಬ್ಬರಿಗೆ ವಹಿಸುತ್ತಾರೆ. ನಿಮ್ಮ ಕೈಗೆ ಬರುವ ಹೊತ್ತಿಗೆ ಹಣ ಎರಡು ಕೈ ದಾಟಿರುತ್ತದೆ. ನಿಮ್ಮ ಅರ್ಧ ಹಣ ಉಳಿದುಕೊಂಡದ್ದು ಬಹುಮಟ್ಟಿಗೆ ಅಲ್ಲೇ. ಆದ್ದರಿಂದ ‘ದಿನಕ್ಕೆ ಎಷ್ಟು’ ಎಂದು ಕೇಳಿದರೆ ಸಾಲದು, ‘ಕಮಿಷನ್ ಕಳೆದು ನನ್ನ ಕೈಗೆ ಎಷ್ಟು, ಯಾವ ದಿನ, ಯಾರು ಕೊಡುತ್ತಾರೆ’ ಎಂದು ಕೇಳಿ. ದಿನ ಎಂದರೆ ಎಷ್ಟು ಗಂಟೆ, ಅದು ಮೀರಿದರೆ ಹೆಚ್ಚುವರಿ ಎಷ್ಟು, ಊರಿನಿಂದ ಬಂದುಹೋಗುವ ಖರ್ಚು ಯಾರದು, ಮಳೆ ಬಂದು ಅರ್ಧದಲ್ಲೇ ಪ್ಯಾಕಪ್ ಆದರೆ ಪೂರ್ತಿ ಕೂಲಿಯೋ ಅರ್ಧವೋ ಎಂಬುದನ್ನೂ ಹೊರಡುವ ಮೊದಲೇ ಕೇಳಿ. ಉತ್ತರವನ್ನು ವಾಟ್ಸ್‌ಆ್ಯಪ್ ಸಂದೇಶವಾಗಿ ಪಡೆಯಿರಿ. ಬಾಯಿಮಾತಿನಲ್ಲಿ ಹೇಳಿದರೆ, ‘ನೀವು ಹೇಳಿದ್ದು ಇಷ್ಟು, ಸರಿ ತಾನೇ ಸರ್’ ಎಂದು ನೀವೇ ಸಂದೇಶ ಕಳಿಸಿ. ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡು ದಿನಾಂಕ, ಚಿತ್ರದ ಹೆಸರು, ಸ್ಥಳ, ಏಜೆಂಟರ ಹೆಸರು, ಹಾಜರಾದ ಹೊತ್ತು, ಬಿಟ್ಟ ಹೊತ್ತು, ಬಂದ ಹಣ, ಬರಬೇಕಾದ ಹಣ ಇಷ್ಟನ್ನು ಅಂದಂದೇ ಬರೆಯಿರಿ. ನೀವು ಬಿ.ಕಾಂ. ಓದಿದವರು, ಲೆಕ್ಕ ಇಡುವುದು ನಿಮಗೆ ಭಾರವಾಗದು. ನನ್ನ ಅನುಭವದಲ್ಲಿ ನೋಟ್‌ಬುಕ್ ತೆಗೆದು ಓದುವವನ ಕೂಲಿಯನ್ನು ಏಜೆಂಟರು ಸುಲಭವಾಗಿ ಹಿಡಿದಿಡುವುದಿಲ್ಲ.

ಕಾನೂನು ನಿಮ್ಮ ಪರವಾಗಿಯೇ ಇದೆ ಎಂಬುದು ಹಲವರಿಗೆ ತಿಳಿದಿಲ್ಲ. ಸಿನಿಮಾ ಕಾರ್ಮಿಕರಿಗಾಗಿ ಸಂಸತ್ತು 1981ರಲ್ಲಿ ತಂದ ಕಾಯ್ದೆಯು ನಟ, ವಾದ್ಯಗಾರ, ನೃತ್ಯಗಾರ, ಕೂಲಿಯಾಳು ಹೀಗೆ ಎಲ್ಲ ಬಗೆಯ ಕೆಲಸಗಾರರನ್ನೂ ಒಳಗೊಂಡಿತ್ತು. ನಿರ್ಮಾಪಕರು ನೇರವಾಗಿ ತೆಗೆದುಕೊಂಡವರಷ್ಟೇ ಅಲ್ಲದೆ ಗುತ್ತಿಗೆದಾರರ ಮೂಲಕ ಬಂದವರನ್ನೂ ಸಿನಿ ಕಾರ್ಮಿಕರೆಂದೇ ಪರಿಗಣಿಸಿ, ಲಿಖಿತ ಒಪ್ಪಂದವಿಲ್ಲದೆ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ ಎಂದಿತ್ತು. 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆಯು ಆ ಕಾಯ್ದೆಯನ್ನು ತನ್ನೊಳಗೆ ತೆಗೆದುಕೊಂಡು, ಧಾರಾವಾಹಿ, ವೆಬ್ ಸರಣಿ, ಜಾಹೀರಾತು, ರಿಯಾಲಿಟಿ ಷೋಗಳಲ್ಲಿ ದುಡಿಯುವವರಿಗೂ ಲಿಖಿತ ಒಪ್ಪಂದದ ನಿಯಮವನ್ನು ವಿಸ್ತರಿಸಿದೆ. ಒಂದು ದಿನದ ಗುಂಪಿನ ಕೆಲಸಕ್ಕೆ ಒಪ್ಪಂದ ಪತ್ರ ಕೊಡುವ ಪದ್ಧತಿ ನಮ್ಮಲ್ಲಿ ಬೇರೂರಿಲ್ಲ, ಇದು ನಮ್ಮ ಉದ್ಯಮದ ದೊಡ್ಡ ಲೋಪವೆಂದು ನಾನು ಒಳಗಿನವನಾಗಿಯೇ ಹೇಳುತ್ತೇನೆ. ಆದರೂ ಕಾನೂನು ಹೀಗಿದೆ ಎಂಬ ಅರಿವು ನಿಮ್ಮ ಮಾತಿಗೆ ಬಲ ಕೊಡುತ್ತದೆ. ಇದಲ್ಲದೆ 2024ರಲ್ಲಿ ಕರ್ನಾಟಕ ವಿಧಾನಮಂಡಲವು ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾಯ್ದೆಯನ್ನು ಅಂಗೀಕರಿಸಿತು. ಚಿತ್ರಮಂದಿರದ ಟಿಕೆಟ್ ಮತ್ತು ಒಟಿಟಿ ಚಂದಾದ ಮೇಲೆ ಶೇ 1ರಿಂದ 2ರವರೆಗೆ ಸೆಸ್ ವಿಧಿಸಿ, ಆ ಹಣದಿಂದ ಕಾರ್ಮಿಕರಿಗಾಗಿ ಕಲ್ಯಾಣ ನಿಧಿ ಮತ್ತು ಮಂಡಳಿ ನಡೆಸುವುದು ಅದರ ಉದ್ದೇಶ. ಮಂಡಳಿಯಲ್ಲಿ ನೋಂದಣಿಯಾಗಬೇಕಾದರೆ ನೀವು ಈ ಕ್ಷೇತ್ರದಲ್ಲಿ ದುಡಿದಿದ್ದೀರಿ ಎಂಬುದಕ್ಕೆ ದಾಖಲೆ ಬೇಕಾಗುತ್ತದೆ. ನೋಟ್‌ಬುಕ್, ಸಂದೇಶಗಳು, ಬ್ಯಾಂಕಿಗೆ ಬಂದ ಹಣದ ವಿವರ ಆಗ ಕೆಲಸಕ್ಕೆ ಬರುತ್ತವೆ. ಇ-ಶ್ರಮ್ ಕಾರ್ಡನ್ನಂತೂ ಈಗಲೇ ಮಾಡಿಸಿಕೊಳ್ಳಿ. ಭವಿಷ್ಯ ನಿಧಿ, ಇ.ಎಸ್.ಐ. ಇಲ್ಲದ, ಆದಾಯ ತೆರಿಗೆ ಕಟ್ಟದ 16ರಿಂದ 59 ವರ್ಷದೊಳಗಿನ ಅಸಂಘಟಿತ ಕಾರ್ಮಿಕರಿಗೆ ಅದು ಉಚಿತ. ಹಣ ಕೊಟ್ಟು ಮಾಡಿಸುವ ಯಾವ ‘ಕಲಾವಿದರ ಕಾರ್ಡ್’ಗಿಂತಲೂ ಅದು ಹೆಚ್ಚು ಉಪಯೋಗಿ.

ಇದನ್ನೇ ನಂಬಿ ಬದುಕಬಹುದೇ ಎಂದು ಕೇಳಿದ್ದೀರಿ. ಬಂಗಾರಪೇಟೆಯಲ್ಲಿದ್ದುಕೊಂಡು ಸಾಧ್ಯವಿಲ್ಲ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಬೆಂಗಳೂರಿನ ನಂದಿನಿ ಬಡಾವಣೆ ಬಳಿಯ ಸ್ಟುಡಿಯೊದಲ್ಲೋ ಬಿಡದಿ ಕಡೆಯಲ್ಲೋ ಬೆಳಿಗ್ಗೆ 6 ಗಂಟೆಗೆ ಹಾಜರಿ ಎಂದರೆ ಮಾರಿಕುಪ್ಪಂ ಕಡೆಯಿಂದ ಬರುವ ರೈಲನ್ನು ನೆಚ್ಚಿಕೊಂಡು ಹೊತ್ತಿಗೆ ಸರಿಯಾಗಿ ತಲುಪಲಾಗದು, ಹಿಂದಿನ ರಾತ್ರಿಯೇ ಬಂದು ಉಳಿಯಬೇಕು. ರಾತ್ರಿ ಪ್ಯಾಕಪ್ ತಡವಾದರೆ ಮತ್ತೊಂದು ರಾತ್ರಿ. ಒಂದು ದಿನದ ಕೂಲಿಗೆ ಎರಡು ದಿನ ಹೋಯಿತು. ತುಮಕೂರಿನವರಿಗೆ ಯಶವಂತಪುರದ ಕಡೆ ಇಳಿಯುವ ಅನುಕೂಲವಿರುವುದರಿಂದ ಸ್ವಲ್ಪ ಹಗುರ, ಚಿಕ್ಕಬಳ್ಳಾಪುರದವರಿಗೂ ಬಸ್ಸಿನ ದಾರಿ ನೇರ. ಆದರೂ ತಿಂಗಳಿಗೆ ಎಷ್ಟು ದಿನ ಕರೆ ಬರುತ್ತದೆಂದು ಮುಂಚೆಯೇ ಹೇಳಬಲ್ಲವರು ಯಾರೂ ಇಲ್ಲ. ಹಬ್ಬದ ಸಾಲು ಬಂದರೆ, ದೊಡ್ಡ ಚಿತ್ರ ನಿಂತರೆ, ಮಳೆ ಹಿಡಿದರೆ ಕರೆ ನಿಲ್ಲುತ್ತದೆ. ನಿಮಗೆ ನನ್ನ ಸಲಹೆ ಇಷ್ಟು: ಅಕೌಂಟ್ಸ್ ಸಂಬಂಧದ ಒಂದು ಕೆಲಸ ಹಿಡಿಯಿರಿ, ಕೋಲಾರ, ಕೆ.ಜಿ.ಎಫ್., ಮುಳಬಾಗಿಲು, ನಂದಿ ಸುತ್ತಮುತ್ತ ಚಿತ್ರೀಕರಣ ಬಂದಾಗ ರಜೆ ಹಾಕಿ ಹೋಗಿ. ಸ್ಥಳೀಯವಾಗಿ ಜನ ಬೇಕಾದಾಗ ನಂಬಿಕೆಯಿಂದ ಕರೆಯಬಹುದಾದ ಹತ್ತು ಹದಿನೈದು ಮಂದಿಯ ಪಟ್ಟಿ ನಿಮ್ಮ ಬಳಿ ಇದ್ದರೆ, ಅವರ ಕೂಲಿಯನ್ನು ನೀವು ಪೂರ್ತಿ ಕೊಡಿಸುವವರಾದರೆ, ನಿರ್ಮಾಣ ವಿಭಾಗದವರು ನಿಮ್ಮನ್ನೇ ನೇರವಾಗಿ ಸಂಪರ್ಕಿಸುವ ದಿನ ಬರುತ್ತದೆ. ಲೆಕ್ಕ ಬಲ್ಲ, ಮಾತಿಗೆ ನಿಲ್ಲುವ ಸ್ಥಳೀಯ ಕೋ-ಆರ್ಡಿನೇಟರ್‌ಗಳ ಕೊರತೆ ನಮಗೆ ಯಾವಾಗಲೂ ಇದೆ. ನೀವು ಕಳೆದುಕೊಂಡ ಅರ್ಧ ಕೂಲಿಯನ್ನು ಇನ್ನೊಬ್ಬ ಹುಡುಗ ಕಳೆದುಕೊಳ್ಳದಂತೆ ಮಾಡುವ ದಾರಿಯೂ ಅದೇ.

ಪಾತ್ರ ಸಿಗುತ್ತದೆಯೇ ಎಂಬ ಪ್ರಶ್ನೆಗೆ ಉತ್ತರಿಸುವ ಮೊದಲು ಈ ಕೆಲಸದ ಒಂದು ಒಳನಿಯಮ ಹೇಳಬೇಕು. ಒಂದು ಚಿತ್ರದ ಮೊದಲ ದೃಶ್ಯದಲ್ಲಿ ನೀವು ಪೊಲೀಸ್ ಪೇದೆಯಾಗಿ ನಿಂತು ಮುಖ ಚೆನ್ನಾಗಿ ಕಂಡುಬಿಟ್ಟರೆ, ‘ಮುಖ ಎಸ್ಟಾಬ್ಲಿಷ್ ಆಗಿದೆ’ ಎನ್ನುತ್ತಾರೆ. ಆಮೇಲೆ ಅದೇ ಚಿತ್ರದಲ್ಲಿ ಸಂತೆಯವನಾಗಿ, ಮದುವೆಯ ನೆಂಟನಾಗಿ ನಿಲ್ಲುವಂತಿಲ್ಲ, ಆ ದಿನಗಳ ಕೂಲಿ ಹೋಯಿತು. ಅಂದರೆ ಹಿನ್ನೆಲೆಯವರಿಗೆ ದಿನಗಳು ಹೆಚ್ಚುವುದು ಅವರ ಮುಖ ಯಾರಿಗೂ ನೆನಪುಳಿಯದಿದ್ದಾಗ. ನಟನಿಗೆ ಪಾತ್ರ ಸಿಗುವುದು ಮುಖ ನೆನಪುಳಿದಾಗ. ಇವೆರಡು ಒಂದೇ ದಾರಿಯ ಎರಡು ಮೆಟ್ಟಿಲುಗಳೆಂದು ತಿಳಿದವರು ಮೋಸಹೋಗುತ್ತಾರೆ. ಒಂದು ಸಾಲಿನ ಮಾತು ಸಿಗುವುದುಂಟು, ಅಲ್ಲಿಂದ ಸಣ್ಣ ಪಾತ್ರಕ್ಕೆ ಹೋದವರೂ ಇದ್ದಾರೆ. ಆದರೆ ಅವರಲ್ಲಿ ಬಹುಪಾಲು ಮಂದಿ ನಟನೆಯನ್ನು ಬೇರೆಡೆ ಕಲಿತಿದ್ದವರು. ಕಲಿಯುವ ಜಾಗಗಳು ನಮ್ಮ ಸೀಮೆಯಲ್ಲೇ ಇವೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯಲ್ಲಿ ಬಣ್ಣ ಹಚ್ಚಿ ಪಳಗಿದವರೇ ಮುಂದೆ ಕನ್ನಡ ಚಿತ್ರರಂಗವನ್ನು ಕಟ್ಟಿದರು. ಡಾ. ರಾಜ್‌ಕುಮಾರ್ ಅವರೂ ಆ ಕಂಪನಿಯ ಕಲಾವಿದರಾಗಿದ್ದವರು. ನಿಮಗೆ ಅದಕ್ಕಿಂತ ಹತ್ತಿರದಲ್ಲಿ, ಕೋಲಾರದ ತೇರಹಳ್ಳಿ ಬೆಟ್ಟದ ಶಿವಗಂಗೆಯಲ್ಲಿ ಆದಿಮ ಸಾಂಸ್ಕೃತಿಕ ಕೇಂದ್ರವಿದೆ. ಅಲ್ಲಿನ ‘ಹುಣ್ಣಿಮೆ ಹಾಡು’ ಕಾರ್ಯಕ್ರಮಕ್ಕೆ ಒಂದು ರಾತ್ರಿ ಹೋಗಿ ಕುಳಿತು ನೋಡಿ, ನಾಟಕದವರ ಜೊತೆ ಮಾತನಾಡಿ, ಅವರ ತಾಲೀಮಿಗೆ ಸೇರಿಕೊಳ್ಳಲು ಕೇಳಿ. ಮನಸ್ಸು ಗಟ್ಟಿಯಾದರೆ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಅರ್ಜಿ ಹಾಕಿ. ನಟನಾಗಬೇಕೆಂಬ ಆಸೆಯನ್ನು ಗುಂಪಿನಲ್ಲಿ ನಿಂತು ಸವೆಸಬೇಡಿ ಎಂದಷ್ಟೇ ನನ್ನ ಬೇಡಿಕೆ.

ನಿಮ್ಮ ಅಕ್ಕನ ವಿಷಯ. ಅವರು ಖಂಡಿತ ಬರಬಹುದು, ಹೆಣ್ಣುಮಕ್ಕಳಿಗೆ ಗುಂಪಿನ ದೃಶ್ಯಗಳಲ್ಲಿ ಕೆಲಸವಿದೆ. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಸಾರಿಗೆ ಬಸ್ಸುಗಳ ಪ್ರಯಾಣ ಉಚಿತವಾಗಿರುವುದರಿಂದ ಅವರ ದಾರಿಖರ್ಚೂ ಕಡಿಮೆ. ಆದರೆ ಒಪ್ಪಿಕೊಳ್ಳುವ ಮೊದಲು ಶೌಚಾಲಯ ಎಲ್ಲಿದೆ, ಬಟ್ಟೆ ಬದಲಿಸಲು ಮರೆಯಾದ ಕೋಣೆ ಇದೆಯೇ, ರಾತ್ರಿ ತಡವಾದರೆ ಎಲ್ಲಿಯವರೆಗೆ ಬಿಡುತ್ತಾರೆ ಎಂಬ ಮೂರನ್ನು ಅವರೇ ನೇರವಾಗಿ ಕೇಳಲಿ. ಕೇರಳದಲ್ಲಿ ಚಿತ್ರರಂಗದ ಹೆಣ್ಣುಮಕ್ಕಳ ಸ್ಥಿತಿಗತಿಯನ್ನು ಅಧ್ಯಯನ ಮಾಡಿದ ನ್ಯಾಯಮೂರ್ತಿ ಕೆ. ಹೇಮಾ ಸಮಿತಿಯ ವರದಿ 2024ರ ಆಗಸ್ಟ್‌ನಲ್ಲಿ ಬಹಿರಂಗವಾದಾಗ, ಶೌಚಾಲಯವಿಲ್ಲದ ಕಾರಣ ಚಿತ್ರೀಕರಣದಲ್ಲಿ ಹೆಣ್ಣುಮಕ್ಕಳು ನೀರನ್ನೇ ಕುಡಿಯದೆ ಇರುತ್ತಾರೆಂಬ ಸಂಗತಿ ಅದರಲ್ಲಿತ್ತು. ಓದಿ ನನಗೆ ಆಶ್ಚರ್ಯವಾಗಲಿಲ್ಲ, ನಾಚಿಕೆಯಾಯಿತು. ನಮ್ಮ ಔಟ್‌ಡೋರ್ ಚಿತ್ರೀಕರಣಗಳಲ್ಲೂ ಅದನ್ನು ಕಣ್ಣಾರೆ ಕಂಡು, ಆ ದಿನಗಳಲ್ಲಿ ಸಾಕಷ್ಟು ಗಟ್ಟಿಯಾಗಿ ಮಾತನಾಡದೆ ಇದ್ದವನು ನಾನು. ಯಾರಾದರೂ ಅಸಭ್ಯವಾಗಿ ನಡೆದುಕೊಂಡರೆ, ಅವಕಾಶಕ್ಕೆ ಷರತ್ತು ಹಾಕಿದರೆ, 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ದಿನಗೂಲಿಯವರಿಗೂ ಗುತ್ತಿಗೆಯ ಮೂಲಕ ಬಂದವರಿಗೂ ಅನ್ವಯಿಸುತ್ತದೆ ಎಂಬುದನ್ನು ಅವರು ತಿಳಿದಿರಲಿ. ಚಿತ್ರತಂಡದಲ್ಲಿ ಆಂತರಿಕ ಸಮಿತಿ ಇಲ್ಲದಿದ್ದರೆ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಮೂರು ತಿಂಗಳೊಳಗೆ ಕೊಡುವುದು ಮುಖ್ಯ. ತಕ್ಷಣದ ನೆರವಿಗೆ 112 ಇದೆ, ಮಹಿಳಾ ಸಹಾಯವಾಣಿ 181 ಇದೆ.

ಮಗುವನ್ನು ಮಾತ್ರ ಆ ವ್ಯಕ್ತಿಯ ಮಾತು ನಂಬಿ ಕರೆದೊಯ್ಯಬೇಡಿ. ಮಕ್ಕಳನ್ನು ಚಿತ್ರೀಕರಣದಲ್ಲಿ ಬಳಸಲು ನಿರ್ಮಾಪಕರು ಜಿಲ್ಲಾ ದಂಡಾಧಿಕಾರಿಗಳ ಅನುಮತಿ ಪಡೆದಿರಬೇಕು. ದಿನಕ್ಕೆ ಐದು ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ ಮೂರು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ. ಐದು ಮಕ್ಕಳಿಗೆ ಒಬ್ಬರಾದರೂ ಹೊಣೆಗಾರರು ಇರಬೇಕು, ಶಾಲೆಗೆ ತೊಂದರೆಯಾಗಬಾರದು. ಮಗುವಿನ ಸಂಭಾವನೆಯಲ್ಲಿ ಕನಿಷ್ಠ ಶೇ 20ರಷ್ಟನ್ನು ಮಗುವಿನ ಹೆಸರಿನಲ್ಲಿ ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಠೇವಣಿ ಇಡಬೇಕು. ಅನುಮತಿ ಪತ್ರ ತೋರಿಸಿ ಎಂದು ನಿಮ್ಮ ಅಕ್ಕ ಒಂದೇ ಒಂದು ಮಾತು ಕೇಳಲಿ. ‘ಗುಂಪಿನಲ್ಲಿ ಒಂದು ಮಗು, ಯಾರು ಕೇಳುತ್ತಾರಮ್ಮ’ ಎಂಬ ಉತ್ತರ ಬಂದರೆ ಅಲ್ಲಿಂದ ಎದ್ದುಬನ್ನಿ.

ಸುರಕ್ಷತೆಯ ಬಗ್ಗೆ ನಿಮ್ಮ ಪತ್ರದಲ್ಲಿ ಪ್ರಶ್ನೆಯಿಲ್ಲ, ಆದರೆ ಹೇಳದೆ ಇರಲಾರೆ. 2016ರ ನವೆಂಬರ್‌ನಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಚಿತ್ರೀಕರಣದ ವೇಳೆ ಹೆಲಿಕಾಪ್ಟರ್‌ನಿಂದ ಹಾರಿದ ಇಬ್ಬರು ಕಲಾವಿದರು ಮುಳುಗಿ ತೀರಿಕೊಂಡರು. 2021ರ ಆಗಸ್ಟ್‌ನಲ್ಲಿ ಬಿಡದಿ ಬಳಿ ವಿದ್ಯುತ್ ತಂತಿ ತಗುಲಿ ಸಾಹಸ ಕಲಾವಿದರೊಬ್ಬರು ಸತ್ತರು. ಅವರೆಲ್ಲ ಸಾಹಸ ದೃಶ್ಯಗಳಿಗೆಂದೇ ಬಂದಿದ್ದವರು. ಗುಂಪಿನಲ್ಲಿ ನಿಂತ ನಿಮಗೆ ನೀರಿಗೆ ಇಳಿ, ಎತ್ತರದಿಂದ ಜಿಗಿ, ಓಡುವ ವಾಹನ ಹತ್ತು, ಬೆಂಕಿಯ ಪಕ್ಕ ಹಾದುಹೋಗು ಎಂದು ಆ ಗಳಿಗೆಯಲ್ಲಿ ಹೇಳಿದರೆ ‘ಅದು ಫೈಟರ್‌ಗಳ ಕೆಲಸ ಸರ್, ನನ್ನಿಂದಾಗದು’ ಎನ್ನಿ. ಆ ದಿನದ ಕೂಲಿ ಹೋದರೂ ಹೋಗಲಿ. ಲಾಠಿ ಚಾರ್ಜ್‌ನಂಥ ಓಡುವ ದೃಶ್ಯಗಳಲ್ಲಿ ಯಾವ ಕಡೆಗೆ ಓಡಬೇಕು, ಎಲ್ಲಿ ನಿಲ್ಲಬೇಕು ಎಂಬುದನ್ನು ನಿಧಾನವಾಗಿ ನಡೆದು ಅಭ್ಯಾಸ ಮಾಡಿಸುವವರೆಗೆ ಓಡಬೇಡಿ. ನಿಮ್ಮ ಊರಿನ ದಿಬ್ಬಗಳ ಬಗ್ಗೆಯೂ ಒಂದು ಎಚ್ಚರಿಕೆ. ಚಿನ್ನ ತೆಗೆದ ಮೇಲೆ ಉಳಿದ ಅದಿರಿನ ಹುಡಿ ಅದು, ಗಣಿ 2001ರಲ್ಲಿ ಮುಚ್ಚಿದ ಮೇಲೂ ಗಾಳಿಗೆ ಏಳುತ್ತಲೇ ಇದೆ. ಚಿತ್ರೀಕರಣಕ್ಕೆ ದೊಡ್ಡ ಫ್ಯಾನು ಹಚ್ಚಿ ಧೂಳೆಬ್ಬಿಸುವುದೂ ಉಂಟು. ಶಾಟ್ ಇಲ್ಲದ ಹೊತ್ತಿನಲ್ಲಿ ಮೂಗು ಬಾಯಿಗೆ ಮಾಸ್ಕ್ ಅಥವಾ ಒದ್ದೆ ಬಟ್ಟೆ ಕಟ್ಟಿಕೊಳ್ಳಿ, ಕೈ ತೊಳೆಯದೆ ಊಟಕ್ಕೆ ಕೂರಬೇಡಿ, ದಮ್ಮಿನ ತೊಂದರೆ ಇರುವವರನ್ನು ಆ ಕೆಲಸಕ್ಕೆ ಕರೆದೊಯ್ಯಬೇಡಿ.

ಕೊನೆಗೆ ಉಳಿದದ್ದು ನಿಮಗೆ ಬರಬೇಕಾದ ಮೂರು ದಿನದ ಅರ್ಧ ಕೂಲಿ. ಅದನ್ನು ಹೋಗಲಿ ಎಂದು ಬಿಡಬೇಡಿ. ನಿಮ್ಮ ಜೊತೆ ಬಂದಿದ್ದವರಲ್ಲಿ ಇನ್ನೂ ಯಾರಿಗೆ ಹಾಗೆಯೇ ಕಡಿಮೆ ಬಂದಿದೆ ಎಂದು ಕೇಳಿ, ನಾಲ್ಕೈದು ಮಂದಿಯಾದರೂ ಸೇರಿ. ಕರೆದೊಯ್ದವರು ಯಾರು, ಯಾವ ದಿನಾಂಕಗಳು, ಎಷ್ಟು ಹೇಳಿದ್ದರು, ಎಷ್ಟು ಕೊಟ್ಟರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ಫೋನಿನಲ್ಲಿ ಉಳಿದಿರುವ ಸಂದೇಶ, ಕರೆಗಳ ಪಟ್ಟಿ ಮತ್ತು ಹಣ ಬಂದ ವಿವರದ ಪ್ರತಿಗಳನ್ನು ಜೋಡಿಸಿ. ಮೊದಲು ಆ ಹಾಳೆಯನ್ನು ಏಜೆಂಟರಿಗೂ ಚಿತ್ರದ ಪ್ರೊಡಕ್ಷನ್ ಮ್ಯಾನೇಜರ್‌ಗೂ ಒಟ್ಟಿಗೇ ಕಳಿಸಿ. ಎಷ್ಟೋ ಸಲ ಮ್ಯಾನೇಜರ್ ಪೂರ್ತಿ ಹಣ ಕೊಟ್ಟಿರುತ್ತಾರೆ, ಕೆಳಗೆ ಏನಾಯಿತೆಂಬುದು ಅವರಿಗೇ ಗೊತ್ತಿರುವುದಿಲ್ಲ. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ ಅದೇ ಹಾಳೆಯೊಂದಿಗೆ ಕೋಲಾರದ ಕಾರ್ಮಿಕ ಇಲಾಖೆಯ ಕಚೇರಿಗೆ ಎಲ್ಲರೂ ಒಟ್ಟಾಗಿ ಹೋಗಿ ಅರ್ಜಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬನ್ನಿ.